ಎಡ್ಜ್‌ವುಡ್ ಲೆಕ್ಕ: ಹೆಚ್ಚು ದರದ ತೆರಿಗೆ ಕಟ್ಟಿದ ಊರಿನ ಶಾಲೆಗೆ ಕಡಿಮೆ ದುಡ್ಡು

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್ ಪ್ರದೇಶದ ಜನ 1967–68ನೇ ಸಾಲಿನಲ್ಲಿ ತಮ್ಮ ಶಾಲೆಗಳಿಗಾಗಿ ಪ್ರತಿ ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಆ ಮಹಾನಗರ ವಲಯದಲ್ಲಿ ಅದಕ್ಕಿಂತ ಹೆಚ್ಚಿನ ದರ ಇನ್ನೆಲ್ಲೂ ಇರಲಿಲ್ಲ. ಅನುಕೂಲಸ್ಥರ ಬಡಾವಣೆಯಾದ ಆಲಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್. ಆದರೂ ರಾಜ್ಯದ ಯೋಜನೆಗೆ ಕಟ್ಟಬೇಕಾದ ಪಾಲು ಕಳೆದು ಸ್ಥಳೀಯ ತೆರಿಗೆಯಿಂದ ಎಡ್ಜ್‌ವುಡ್‌ನ ಒಂದು ಮಗುವಿನ ಪಾಲಿಗೆ ಬಂದದ್ದು 26 ಡಾಲರ್, ಆಲಮೊ ಹೈಟ್ಸ್‌ನ ಮಗುವಿನ ಪಾಲಿಗೆ 333 ಡಾಲರ್.

ಇದರಲ್ಲಿ ದುಡ್ಡು ನುಂಗಿದವರು ಯಾರೂ ಇಲ್ಲ. ಪ್ರತಿ ಪೈಸೆಯೂ ಕಾನೂನಿನ ಪ್ರಕಾರವೇ ಹರಿದಿತ್ತು. ಈ ಪ್ರಕರಣ ಅರ್ಧ ಶತಮಾನ ಕೋರ್ಟು, ಶಾಸನಸಭೆ, ಮತಪೆಟ್ಟಿಗೆಗಳ ನಡುವೆ ಸುತ್ತಿದ್ದಕ್ಕೆ ಅದೇ ಕಾರಣ: ತಪ್ಪಿತಸ್ಥ ಸೂತ್ರವಾಗಿತ್ತು, ಮನುಷ್ಯನಲ್ಲ.

ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಜಿಲ್ಲೆಯಲ್ಲ

ಸ್ಕೂಲ್ ಡಿಸ್ಟ್ರಿಕ್ಟ್ ಎಂಬುದು ಶಾಲೆ ನಡೆಸಲೆಂದೇ ಗಡಿ ಎಳೆದುಕೊಂಡ ಸ್ಥಳೀಯ ಸಂಸ್ಥೆ. ಅದಕ್ಕೊಂದು ಚುನಾಯಿತ ಮಂಡಳಿ, ಒಬ್ಬ ಸೂಪರಿಂಟೆಂಡೆಂಟ್, ಜೊತೆಗೆ ತೆರಿಗೆ ಹಾಕುವ ಮತ್ತು ಸಾಲ ಎತ್ತುವ ಅಧಿಕಾರ. ಟೆಕ್ಸಸ್‌ನಲ್ಲಿ ಇಂಥವು ಸಾವಿರಕ್ಕೂ ಹೆಚ್ಚು. ನಗರದ ಗಡಿಗೂ ಇವುಗಳ ಗಡಿಗೂ ತಾಳೆಯಾಗಬೇಕೆಂದಿಲ್ಲ. ಸ್ಯಾನ್ ಆಂಟೋನಿಯೊ ಮಹಾನಗರ ವಲಯವೊಂದರಲ್ಲೇ ಆಗ ಏಳು ಡಿಸ್ಟ್ರಿಕ್ಟ್‌ಗಳಿದ್ದವು. ಡಲ್ಲಾಸ್ ಬಳಿಯ ಪ್ಲೇನೊ, ಫ್ರಿಸ್ಕೊ ಕಡೆ ಮನೆ ಕೊಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಅವರ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ಮೊತ್ತ ಇರುವುದು 'ಐಎಸ್‌ಡಿ', ಅಂದರೆ ಸ್ವತಂತ್ರ ಸ್ಕೂಲ್ ಡಿಸ್ಟ್ರಿಕ್ಟ್, ಎಂಬ ಸಾಲಿನ ಎದುರಿಗೇ.

ನಮ್ಮ ಊರುಗಳಲ್ಲಿ ಶಾಲೆ ನಡೆಯುವುದು ಮನೆಗಂದಾಯದಿಂದಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಊರಿನ ಸೈಟಿನ ಬೆಲೆ ಏರಿದರೂ ಇಳಿದರೂ ಅದಕ್ಕೆ ಸಂಬಂಧವಿಲ್ಲ. ಟೆಕ್ಸಸ್‌ನಲ್ಲಿ ಆ ಸಂಬಂಧವೇ ಪ್ರಕರಣದ ಬೇರು.

1967–68ರ ಲೆಕ್ಕ

ಒಬ್ಬ ವಿದ್ಯಾರ್ಥಿಗೆ ಸಿಕ್ಕ ಹಣ, ಡಾಲರ್‌ಗಳಲ್ಲಿ:

| ಬಾಬತ್ತು | ಎಡ್ಜ್‌ವುಡ್ | ಆಲಮೊ ಹೈಟ್ಸ್ |
|---|---|---|
| ಪ್ರತಿ ವಿದ್ಯಾರ್ಥಿಯ ಹಿಂದಿನ ಆಸ್ತಿ ಮೌಲ್ಯ | 5,960 | 49,000ಕ್ಕೂ ಹೆಚ್ಚು |
| ತೆರಿಗೆ ದರ (ನೂರು ಡಾಲರ್‌ಗೆ) | 1.05 | 0.85 |
| ಸ್ಥಳೀಯ ತೆರಿಗೆಯಿಂದ (ರಾಜ್ಯದ ಯೋಜನೆಗೆ ಕಟ್ಟಿದ ಪಾಲು ಕಳೆದು) | 26 | 333 |
| ರಾಜ್ಯದ ಯೋಜನೆಯಿಂದ | 222 | 225 |
| ಕೇಂದ್ರದಿಂದ | 108 | 36 |
| ಒಟ್ಟು | 356 | 594 |

ಇಲ್ಲಿ ಕಣ್ಣಿಡಬೇಕಾದದ್ದು ಮೊದಲನೇ ಸಾಲಿನ ಮೇಲೆ. ಸುಮಾರು 22,000 ಮಕ್ಕಳು, 25 ಶಾಲೆಗಳಿದ್ದ ಎಡ್ಜ್‌ವುಡ್ ಬಹುಪಾಲು ವಾಸದ ಪ್ರದೇಶ. ಕಾರ್ಖಾನೆ, ದೊಡ್ಡ ಅಂಗಡಿಗಳ ಸಾಲು ಹೆಚ್ಚಿಲ್ಲ. ಇದ್ದ ಮನೆಗಳೂ ಚಿಕ್ಕವು. ದರ ಎಂಬುದು ತೂಬಿದ್ದಂತೆ. ಕೆರೆಯಲ್ಲೇ ನೀರಿಲ್ಲದಿದ್ದರೆ ತೂಬನ್ನು ಪೂರ್ತಿ ಎತ್ತಿಟ್ಟೂ ಗದ್ದೆ ನೆನೆಯುವುದಿಲ್ಲ. ಸ್ಯಾನ್ ಆಂಟೋನಿಯೊ ಇರುವ ಬೇರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಅತಿ ಹೆಚ್ಚು ಆದಾಯ ಪಡೆಯುವ ಡಿಸ್ಟ್ರಿಕ್ಟ್‌ಗೆ ಸರಿಗಟ್ಟಲು ಎಡ್ಜ್‌ವುಡ್ ಎಷ್ಟು ದರ ಹಾಕಬೇಕಾಗಿತ್ತು ಎಂಬುದನ್ನು ಆಗ ಲೆಕ್ಕ ಹಾಕಿ ಕೋರ್ಟಿನ ಮುಂದಿಟ್ಟಿದ್ದರು: ನೂರಕ್ಕೆ 5.76 ಡಾಲರ್. ಆಲಮೊ ಹೈಟ್ಸ್‌ಗಾದರೆ 68 ಸೆಂಟ್ ಸಾಕಿತ್ತು. ಶಾಲೆಗಳ ನಿರ್ವಹಣಾ ತೆರಿಗೆಗೆ ರಾಜ್ಯದ ಕಾನೂನು ಹಾಕಿದ್ದ ಮಿತಿ 1.50 ಡಾಲರ್. ಅಂದರೆ ಎಡ್ಜ್‌ವುಡ್‌ನವರು ಮನೆಮಠ ಮಾರಿ ಕಟ್ಟುತ್ತೇವೆಂದರೂ ಕಾನೂನು ಬಿಡುತ್ತಿರಲಿಲ್ಲ.

ನಾಲ್ಕನೇ ಸಾಲು ಇನ್ನೂ ವಿಚಿತ್ರ. ಬಡ ಡಿಸ್ಟ್ರಿಕ್ಟ್‌ಗೆ ಆಸರೆಯಾಗಬೇಕಿದ್ದ ರಾಜ್ಯ, ಸಿರಿವಂತ ಡಿಸ್ಟ್ರಿಕ್ಟ್‌ಗೇ ತಲಾ ಮೂರು ಡಾಲರ್ ಹೆಚ್ಚು ಕೊಟ್ಟಿದೆ. 1949ರ ಗಿಲ್ಮರ್–ಐಕಿನ್ ಕಾನೂನುಗಳ ಪ್ರಕಾರ ಕನಿಷ್ಠ ಶಿಕ್ಷಣದ ವೆಚ್ಚದಲ್ಲಿ ಸುಮಾರು 80 ಪಾಲು ರಾಜ್ಯದ್ದು, 20 ಪಾಲು ಡಿಸ್ಟ್ರಿಕ್ಟ್‌ಗಳದ್ದು. ಆದರೆ ರಾಜ್ಯದ ಪಾಲಿನ ದೊಡ್ಡ ಭಾಗ ಶಿಕ್ಷಕರ ಸಂಬಳದ ರೂಪದಲ್ಲಿ ಬರುತ್ತಿತ್ತು, ಆ ಸಂಬಳ ಶಿಕ್ಷಕರ ಓದು ಮತ್ತು ಅನುಭವದ ಮೇಲೆ ನಿಗದಿಯಾಗುತ್ತಿತ್ತು. ಕೈಯಲ್ಲಿ ದುಡ್ಡಿದ್ದ ಡಿಸ್ಟ್ರಿಕ್ಟ್ ಹೆಚ್ಚು ಓದಿದ ಶಿಕ್ಷಕರನ್ನು ಸೆಳೆದುಕೊಂಡಿತು. ಅವರನ್ನು ಸೆಳೆದದ್ದಕ್ಕೆ ರಾಜ್ಯದಿಂದ ಇನ್ನಷ್ಟು ಪಡೆಯಿತು. ಎಡ್ಜ್‌ವುಡ್‌ನ ಶಿಕ್ಷಕರಲ್ಲಿ ಶೇ. 47ರಷ್ಟು ಮಂದಿ ಪೂರ್ಣ ಅರ್ಹತೆಯಿಲ್ಲದೆ ತುರ್ತು ಪರವಾನಗಿಯ ಮೇಲೆ ಪಾಠ ಮಾಡುತ್ತಿದ್ದರು, ಆಲಮೊ ಹೈಟ್ಸ್‌ನಲ್ಲಿ ಶೇ. 11. ಸಮಾನತೆಗಾಗಿ ಬರೆದ ಸೂತ್ರ ಅಸಮಾನತೆಯನ್ನು ಹಿಗ್ಗಿಸುವುದು ಹೀಗೆ, ಯಾರ ಕಣ್ಣಿಗೂ ಬೀಳದ ಒಂದು ಷರತ್ತಿನ ಮೂಲಕ.

ಒಂದು ಬಾಗಿಲು ಮುಚ್ಚಿತು

1968ರ ಮೇ 16ರಂದು ಎಡ್ಜ್‌ವುಡ್ ಹೈಸ್ಕೂಲಿನ ಸುಮಾರು 400 ವಿದ್ಯಾರ್ಥಿಗಳು ತರಗತಿ ಬಿಟ್ಟು ಸೂಪರಿಂಟೆಂಡೆಂಟ್ ಕಚೇರಿಗೆ ಮೆರವಣಿಗೆ ಹೋದರು. ಶಿಥಿಲ ಕಟ್ಟಡ, ಸಾಮಗ್ರಿಗಳ ಕೊರತೆ, ಅರ್ಹ ಶಿಕ್ಷಕರಿಲ್ಲದಿರುವುದು ಅವರ ದೂರು. ಪೋಷಕರು ಒಂದು ಸಂಘ ಕಟ್ಟಿಕೊಂಡು ವಕೀಲ ಆರ್ಥರ್ ಗಾಕ್‌ಮನ್ ಬಳಿ ಹೋದರು. ಅವರು ಕೊಟ್ಟ ಸಲಹೆಯೇ ಪ್ರಕರಣದ ದಿಕ್ಕು ಬದಲಿಸಿತು: ಸ್ಥಳೀಯ ಅಧಿಕಾರಿಗಳನ್ನು ಬೈದು ಫಲವಿಲ್ಲ, ಅವರ ಕೈಯಲ್ಲೇ ದುಡ್ಡಿಲ್ಲ, ರಾಜ್ಯದ ಹಣಕಾಸು ವ್ಯವಸ್ಥೆಯನ್ನೇ ಪ್ರಶ್ನಿಸಿ. ಜುಲೈನಲ್ಲಿ ಕೆಲ್ಲಿ ವಾಯುನೆಲೆಯ ಲೋಹದ ಹಾಳೆ ಕೆಲಸಗಾರ ಡೆಮೆಟ್ರಿಯೊ ರೊಡ್ರಿಗೆಜ್ ಮತ್ತಿತರ ಪೋಷಕರ ಹೆಸರಿನಲ್ಲಿ ಫೆಡರಲ್, ಅಂದರೆ ಕೇಂದ್ರದ, ಕೋರ್ಟಿನಲ್ಲಿ ದಾವೆ ಹೂಡಲಾಯಿತು.

ಪ್ರತಿವಾದಿಗಳ ಪಟ್ಟಿಯಲ್ಲಿ ಸ್ಯಾನ್ ಆಂಟೋನಿಯೊ ಡಿಸ್ಟ್ರಿಕ್ಟೂ ಇತ್ತು. ಮುಂದೆ ಅದನ್ನು ಕೈಬಿಡಲಾಯಿತು, ಅದು ಪೋಷಕರ ಪರವಾಗಿಯೇ ಕೋರ್ಟಿಗೆ ಅಭಿಪ್ರಾಯ ಸಲ್ಲಿಸಿತು. ಆದರೂ ಕಾನೂನು ಪುಸ್ತಕಗಳಲ್ಲಿ ಇಂದಿಗೂ ಕೇಸಿನ ಹೆಸರು 'ಸ್ಯಾನ್ ಆಂಟೋನಿಯೊ ವಿರುದ್ಧ ರೊಡ್ರಿಗೆಜ್'.

1971ರ ಡಿಸೆಂಬರ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಪೋಷಕರ ಪರ ತೀರ್ಪು ಕೊಟ್ಟಿತು. 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಐದಕ್ಕೆ ನಾಲ್ಕು ಮತಗಳಿಂದ ತಳ್ಳಿಹಾಕಿತು. ಬಹುಮತದ ತೀರ್ಪು ಬರೆದ ಲೂಯಿಸ್ ಪೊವೆಲ್ ಅವರ ತರ್ಕದ ತಿರುಳು ಎರಡು ಮಾತಿನದು: ಶಿಕ್ಷಣ ಫೆಡರಲ್ ಸಂವಿಧಾನದಲ್ಲಿ ಹೆಸರಿಸಿದ ಮೂಲಭೂತ ಹಕ್ಕಲ್ಲ, ಸ್ಥಳೀಯರ ಹಿಡಿತದಲ್ಲಿ ಶಾಲೆ ಇರಲಿ ಎಂಬ ಉದ್ದೇಶ ಈ ವ್ಯವಸ್ಥೆಯನ್ನು ಸಮರ್ಥಿಸಲು ಸಾಕು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ದೀರ್ಘ ಭಿನ್ನಮತ ಬರೆದರು. ಸ್ಥಳೀಯ ಹಿಡಿತದ ವಾದ ಎಡ್ಜ್‌ವುಡ್‌ನ ಅಂಕಿಗಳ ಮುಂದೆ ಪೊಳ್ಳು ಎಂದೇ ಹೇಳಬೇಕು. 5.76 ಡಾಲರ್ ದರ ಹಾಕಿದರೆ ಮಾತ್ರ ಸಮವಾಗುವ, 1.50ಕ್ಕಿಂತ ಹೆಚ್ಚು ಹಾಕಲು ಕಾನೂನೇ ಬಿಡದ ಡಿಸ್ಟ್ರಿಕ್ಟ್‌ಗೆ ಯಾವ ಹಿಡಿತ?

ಆ ತೀರ್ಪಿನ ನಂತರ ಅಮೆರಿಕದಲ್ಲಿ ಶಾಲಾ ಹಣದ ಹೋರಾಟವೆಲ್ಲ ಫೆಡರಲ್ ಕೋರ್ಟು ಬಿಟ್ಟು ಆಯಾ ರಾಜ್ಯದ ಸಂವಿಧಾನದ ಕಡೆ ತಿರುಗಿತು.

700ಕ್ಕೆ 1

ಟೆಕ್ಸಸ್ ಸಂವಿಧಾನದ ಏಳನೇ ವಿಧಿ, ಸಾರ್ವಜನಿಕ ಉಚಿತ ಶಾಲೆಗಳ 'ದಕ್ಷ ವ್ಯವಸ್ಥೆ'ಯನ್ನು ನಿರ್ಮಿಸಿ ನಡೆಸುವುದು ಶಾಸನಸಭೆಯ ಕರ್ತವ್ಯ ಎನ್ನುತ್ತದೆ. 1984ರ ಮೇ ತಿಂಗಳಲ್ಲಿ ಮಾಲ್ಡೆಫ್ ಎಂಬ ಕಾನೂನು ನೆರವು ಸಂಸ್ಥೆ ಆ ಒಂದು ಪದ ಹಿಡಿದು ರಾಜ್ಯ ಕೋರ್ಟಿಗೆ ಹೋಯಿತು. ಈ ಬಾರಿ ಎಡ್ಜ್‌ವುಡ್ ಡಿಸ್ಟ್ರಿಕ್ಟೇ ವಾದಿ.

1989ರ ಅಕ್ಟೋಬರ್ 2ರಂದು ಟೆಕ್ಸಸ್ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಒಪ್ಪಿದರು. ಆಗಿನ ಅಂಕಿ: ಪ್ರತಿ ವಿದ್ಯಾರ್ಥಿಯ ಹಿಂದೆ ಎಡ್ಜ್‌ವುಡ್‌ನಲ್ಲಿ 38,854 ಡಾಲರ್ ಆಸ್ತಿ, ಆಲಮೊ ಹೈಟ್ಸ್‌ನಲ್ಲಿ 5,70,109. ಇಪ್ಪತ್ತು ವರ್ಷದ ಹಿಂದೆ ಎಂಟು ಪಟ್ಟು ಇದ್ದ ಅಂತರ ಸುಮಾರು ಹದಿನೈದು ಪಟ್ಟಾಗಿತ್ತು. ಇಡೀ ರಾಜ್ಯದಲ್ಲಿ ಅತಿ ಸಿರಿವಂತ ಮತ್ತು ಅತಿ ಬಡ ಡಿಸ್ಟ್ರಿಕ್ಟ್‌ಗಳ ಅನುಪಾತ 700ಕ್ಕೆ 1. ಅಂಥ ಬಡ ಡಿಸ್ಟ್ರಿಕ್ಟ್‌ಗಳಲ್ಲೊಂದಾದ ಸ್ಯಾನ್ ಎಲಿಸಾರಿಯೊದಲ್ಲಿ ರಸಾಯನಶಾಸ್ತ್ರವಿಲ್ಲ, ಭೌತಶಾಸ್ತ್ರವಿಲ್ಲ, ಕ್ಯಾಲ್ಕುಲಸ್ ಇಲ್ಲ, ವಿದೇಶಿ ಭಾಷೆ ಇಲ್ಲ ಎಂದು ತೀರ್ಪೇ ಪಟ್ಟಿ ಮಾಡಿತು. ಕೋರ್ಟು ಹಾಕಿದ ಅಳತೆ ಸರಳ: ಸರಿಸುಮಾರು ಸಮ ದರದ ತೆರಿಗೆ ಹಾಕಿದರೆ ಪ್ರತಿ ವಿದ್ಯಾರ್ಥಿಗೆ ಸರಿಸುಮಾರು ಸಮ ಹಣ ಸಿಗಬೇಕು.

ಮುಂದಿನ ನಾಲ್ಕು ವರ್ಷ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 1990ರ ತೇಪೆ ಕಾನೂನನ್ನು ಕೋರ್ಟು 1991ರ ಜನವರಿಯಲ್ಲಿ ಸಾಲದು ಎಂದಿತು. ಶಾಸನಸಭೆ ಡಿಸ್ಟ್ರಿಕ್ಟ್‌ಗಳನ್ನು ಒಟ್ಟುಗೂಡಿಸಿ 188 ಕೌಂಟಿ ಶಿಕ್ಷಣ ಡಿಸ್ಟ್ರಿಕ್ಟ್‌ಗಳನ್ನು ಸೃಷ್ಟಿಸಿ ಅವುಗಳ ಮೂಲಕ ತೆರಿಗೆ ಹಂಚಿತು. 1992ರ ಜನವರಿಯಲ್ಲಿ ಅದೂ ಬಿದ್ದುಹೋಯಿತು, ಏಕೆಂದರೆ ಟೆಕ್ಸಸ್ ಸಂವಿಧಾನ ರಾಜ್ಯಮಟ್ಟದ ಆಸ್ತಿ ತೆರಿಗೆಯನ್ನು ನಿಷೇಧಿಸುತ್ತದೆ, ಜೊತೆಗೆ ಮತದಾರರನ್ನು ಕೇಳದೆ ಹಾಕಿದ ತೆರಿಗೆ ಅದು. ಸರಿ, ಮತದಾರರನ್ನೇ ಕೇಳೋಣ ಎಂದು 1993ರ ಮೇ 1ರಂದು ತಿದ್ದುಪಡಿ ಮುಂದಿಟ್ಟರೆ ಅವರು ದೊಡ್ಡ ಅಂತರದಿಂದ ಬೇಡ ಎಂದರು. ಕೋರ್ಟಿನ ಗಡುವಿಗೆ ಉಳಿದದ್ದು ಒಂದೇ ತಿಂಗಳು. ಆ ತಿಂಗಳ ಕೊನೆಗೆ ಸಹಿ ಬಿದ್ದದ್ದೇ ಸೆನೆಟ್ ಮಸೂದೆ 7. ಜನರ ಬಾಯಲ್ಲಿ 'ರಾಬಿನ್ ಹುಡ್'.

ರಾಬಿನ್ ಹುಡ್ ಹೇಗೆ ಕೆಲಸ ಮಾಡುತ್ತದೆ

ಪ್ರತಿ ವಿದ್ಯಾರ್ಥಿಗೆ 2,80,000 ಡಾಲರ್ ಆಸ್ತಿ ಎಂಬ ಗೆರೆ ಎಳೆದರು. ಇಲ್ಲಿ ವಿದ್ಯಾರ್ಥಿ ಎಂದರೆ ಬರೀ ತಲೆಯೆಣಿಕೆಯಲ್ಲ. ಬಡ ಮನೆಯ ಮಗು, ಇಂಗ್ಲಿಷ್ ಕಲಿಯುತ್ತಿರುವ ಮಗು, ವಿಶೇಷ ನೆರವು ಬೇಕಾದ ಮಗುವಿಗೆ ಹೆಚ್ಚು ತೂಕ ಕೊಟ್ಟ ಎಣಿಕೆ. ಗೆರೆಗಿಂತ ಮೇಲಿದ್ದ ಡಿಸ್ಟ್ರಿಕ್ಟ್ ಐದರಲ್ಲಿ ಒಂದು ದಾರಿ ಆರಿಸಬೇಕಿತ್ತು: ಬಡ ಡಿಸ್ಟ್ರಿಕ್ಟ್ ಜೊತೆ ವಿಲೀನವಾಗುವುದು, ಒಂದಷ್ಟು ಆಸ್ತಿಯನ್ನು ತನ್ನ ಗಡಿಯಿಂದ ಬಿಟ್ಟುಕೊಡುವುದು, ರಾಜ್ಯದಿಂದ 'ಹಾಜರಾತಿ ಕ್ರೆಡಿಟ್' ಕೊಳ್ಳುವುದು, ಬೇರೆ ಡಿಸ್ಟ್ರಿಕ್ಟ್‌ನ ಮಕ್ಕಳ ಓದಿನ ಖರ್ಚು ಹೊರುವುದು, ಬೇರೆ ಡಿಸ್ಟ್ರಿಕ್ಟ್ ಜೊತೆ ತೆರಿಗೆ ಬುನಾದಿಯನ್ನು ಒಂದಾಗಿಸುವುದು. ಬಹುತೇಕ ಎಲ್ಲರೂ ಆರಿಸುವುದು ಮೂರನೆಯದು. ಕ್ರೆಡಿಟ್ ಕೊಳ್ಳುವುದು ಎಂಬುದು ಮಾತಿನ ಮುಸುಕು, ವಾಸ್ತವದಲ್ಲಿ ಅದು ಗೆರೆ ಮೀರಿದ ತೆರಿಗೆಯನ್ನು ರಾಜ್ಯಕ್ಕೆ ಕೊಡುವ ಚೆಕ್ಕು. ಅಧಿಕೃತ ಹೆಸರು ರೀಕ್ಯಾಪ್ಚರ್.

1.50 ಡಾಲರ್ ದರದಲ್ಲಿ 2,80,000ದ ಗೆರೆ ಎಂದರೆ ತಲಾ 4,200 ಡಾಲರ್. ಅದರ ಮೇಲಿನದು ಕೈಬಿಟ್ಟು ಹೋಗುತ್ತಿತ್ತು. 1995ರ ಜನವರಿಯಲ್ಲಿ ಕೋರ್ಟು ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಡ್ಜ್‌ವುಡ್ ಪಾಲಿಗೆ ಇಪ್ಪತ್ತೇಳು ವರ್ಷಗಳ ಹೋರಾಟದ ನಿಜವಾದ ಫಲ ಇದೇ. ಆಲಮೊ ಹೈಟ್ಸ್ ರೀಕ್ಯಾಪ್ಚರ್ ಕಟ್ಟುವವರ ಸಾಲಿಗೆ ಸೇರಿತು. ಹೊಸ ಕಟ್ಟಡದ ಸಾಲಕ್ಕೆ ಹಾಕುವ ತೆರಿಗೆ ಮಾತ್ರ ಈ ಹಂಚಿಕೆಯ ಹೊರಗೇ ಉಳಿಯಿತು. ಬಡ ಡಿಸ್ಟ್ರಿಕ್ಟ್‌ಗಳ ಕಟ್ಟಡ ಸಾಲಕ್ಕೆ ರಾಜ್ಯದ ನೆರವಿನ ಯೋಜನೆ ಬಂದದ್ದು 1997ರಲ್ಲಿ.

ತೊಡಕು ಕಾಣಿಸಿಕೊಂಡದ್ದು ಮೂರು ಕಡೆ.

ಮೊದಲನೆಯದು ಮಿತಿ. ವರ್ಷ ಕಳೆದಂತೆ ಬಹಳಷ್ಟು ಡಿಸ್ಟ್ರಿಕ್ಟ್‌ಗಳು 1.50ರ ಹತ್ತಿರ ಬಂದು ನಿಂತವು. ಎಲ್ಲರೂ ಒಂದೇ ದರ ಹಾಕಲೇಬೇಕಾದ ಸ್ಥಿತಿ ಬಂದರೆ ಅದು ವೇಷ ಮರೆಸಿದ ರಾಜ್ಯ ಆಸ್ತಿ ತೆರಿಗೆಯಲ್ಲವೇ ಎಂದು ಈ ಬಾರಿ ಕೇಳಿದ್ದು ಸಿರಿವಂತ ಡಿಸ್ಟ್ರಿಕ್ಟ್‌ಗಳು. 2005ರ ನವೆಂಬರ್‌ನಲ್ಲಿ ಕೋರ್ಟು ಹೌದೆಂದಿತು. 2006ರಲ್ಲಿ ದರವನ್ನು ಮೂರನೇ ಒಂದು ಪಾಲು ಇಳಿಸಿ 1.00ಕ್ಕೆ ತಂದರು. ಖಾಲಿಯಾದ ಜಾಗ ತುಂಬಲು ವ್ಯಾಪಾರಗಳ ಮೇಲೆ ಹಾಕಿದ ಹೊಸ ತೆರಿಗೆ ನಿರೀಕ್ಷೆಯಷ್ಟು ಬರಲಿಲ್ಲ. 2011ರಲ್ಲಿ ಶಾಸನಸಭೆ ಶಾಲೆಗಳಿಂದ 540 ಕೋಟಿ ಡಾಲರ್ ಕಡಿತ ಮಾಡಿತು. ಎಡ್ಜ್‌ವುಡ್ ಸೇರಿ 600ಕ್ಕೂ ಹೆಚ್ಚು ಡಿಸ್ಟ್ರಿಕ್ಟ್‌ಗಳು ಮತ್ತೆ ಕೋರ್ಟು ಹತ್ತಿ, 2016ರ ಮೇ 13ರಂದು ಸೋತವು. ವ್ಯವಸ್ಥೆ ದೋಷಪೂರ್ಣ, ಆದರೆ ಸಂವಿಧಾನದ ಕನಿಷ್ಠ ಅಗತ್ಯ ಪೂರೈಸುತ್ತದೆ ಎಂಬುದು ತೀರ್ಪು.

ಎರಡನೆಯದು ಆಸ್ತಿಯ ಸಿರಿಗೂ ಮಕ್ಕಳ ಸಿರಿಗೂ ಇರುವ ವ್ಯತ್ಯಾಸ. ಹ್ಯೂಸ್ಟನ್‌ನ ಶಾಲೆಗಳಲ್ಲಿ ಬಹುಪಾಲು ಬಡ ಮಕ್ಕಳೇ. ಆದರೆ ನಗರದ ಗಗನಚುಂಬಿ ಕಟ್ಟಡಗಳ ಮೌಲ್ಯ ಸೇರಿ ಸೂತ್ರದ ಲೆಕ್ಕದಲ್ಲಿ ಅದು ಸಿರಿವಂತ ಡಿಸ್ಟ್ರಿಕ್ಟ್. 2016ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಚೆಕ್ಕು ಬರೆಯುವುದಿಲ್ಲ ಎಂದರು. ಹಾಗೆಂದರೆ ಎರಡನೇ ದಾರಿ ತಾನಾಗಿ ಜಾರಿಯಾಗುತ್ತದೆ: ಬೆಲೆಬಾಳುವ ವಾಣಿಜ್ಯ ಆಸ್ತಿಯನ್ನು ರಾಜ್ಯ ಕಿತ್ತು ಬೇರೆ ಡಿಸ್ಟ್ರಿಕ್ಟ್‌ಗೆ ಸೇರಿಸುತ್ತದೆ, ಅದು ಮರಳಿ ಬರುವುದಿಲ್ಲ. ಆರು ತಿಂಗಳಲ್ಲಿ, 2017ರ ಮೇನಲ್ಲಿ, ಅದೇ ಮತದಾರರು ಸರಿ ಕೊಡುತ್ತೇವೆ ಎಂದರು.

ಮೂರನೆಯದು ಎಣಿಕೆ. ಟೆಕ್ಸಸ್ ಹಣ ಕೊಡುವುದು ದಾಖಲಾದ ಮಕ್ಕಳಿಗಲ್ಲ, ಸರಾಸರಿ ಹಾಜರಾತಿಗೆ.

2019ರ ಸೂತ್ರದಲ್ಲಿ ಒಂದು ಮಗು

2019ರ ಕಾನೂನು ತಲಾ ಮೂಲ ಮೊತ್ತವನ್ನು 5,140ರಿಂದ 6,160 ಡಾಲರ್‌ಗೆ ಏರಿಸಿತು, ಮೂಲ ದರವನ್ನು 1.00ರಿಂದ 93 ಸೆಂಟ್‌ಗೆ ಇಳಿಸಿತು. ಕಡುಬಡತನದ ಬೀದಿಯಿಂದ ಬರುವ ಮಗುವಿಗೆ 0.275ರ ತೂಕ, ಅಂದರೆ 1,694 ಡಾಲರ್ ಹೆಚ್ಚುವರಿ. ಆ ಮಗು ದ್ವಿಭಾಷಾ ತರಗತಿಯಲ್ಲಿದ್ದರೆ 0.10, ಅಂದರೆ 616. ಒಟ್ಟು 8,470. ಎಡ್ಜ್‌ವುಡ್‌ನಂಥ ಡಿಸ್ಟ್ರಿಕ್ಟ್‌ಗೆ ಇದು ಸಣ್ಣ ಬದಲಾವಣೆಯಲ್ಲ. ಬಡತನವನ್ನು ಬೀದಿ ಬೀದಿಯ ಜನಗಣತಿ ವಿವರದಿಂದ ಅಳೆಯುವ ಈ ಕ್ರಮ ಇಡೀ ಕಾನೂನಿನಲ್ಲೇ ಹೆಚ್ಚು ವಿವೇಕದ್ದು.

ಆದರೆ ಎಲ್ಲವೂ ಹಾಜರಾತಿಯಿಂದ ಗುಣಿಸಿ ಬರಬೇಕು. ನೂರು ಮಕ್ಕಳಲ್ಲಿ ಸರಾಸರಿ ತೊಂಬತ್ತು ಮಂದಿ ಬಂದರೆ 6,160ರ ಲೆಕ್ಕದಲ್ಲಿ ಶಾಲೆಗೆ ಸಿಗುವುದು 6,16,000 ಅಲ್ಲ, 5,54,400 ಡಾಲರ್. ಖೋತಾ 61,600, ಹೆಚ್ಚೂಕಡಿಮೆ ಒಬ್ಬ ಶಿಕ್ಷಕರ ವರ್ಷದ ಸಂಬಳ. ಹತ್ತು ಮಕ್ಕಳು ಗೈರಾದರೆಂದು ಯಾವ ಶಿಕ್ಷಕರನ್ನೂ ಕಡಿಮೆ ಮಾಡಲಾಗದು, ಬಸ್ಸು ಅಷ್ಟೇ ದೂರ ಓಡುತ್ತದೆ, ಎ.ಸಿ. ಅಷ್ಟೇ ವಿದ್ಯುತ್ ಕುಡಿಯುತ್ತದೆ. ಮನೆ ಬದಲಿಸುತ್ತಲೇ ಇರುವ, ವೈದ್ಯರ ಖರ್ಚಿಗೆ ಹೆದರುವ ಕುಟುಂಬಗಳ ಮಕ್ಕಳೇ ಹೆಚ್ಚು ಗೈರಾಗುವುದು. ಹೀಗಾಗಿ ತೂಕದ ರೂಪದಲ್ಲಿ ಕೊಟ್ಟದ್ದರ ಒಂದು ಪಾಲು ಹಾಜರಾತಿಯ ರೂಪದಲ್ಲಿ ವಾಪಸು ಹೋಗುತ್ತದೆ. 1949ರ ಶಿಕ್ಷಕ ಅರ್ಹತೆಯ ಷರತ್ತು ಮಾಡಿದ ಕೆಲಸವನ್ನು ಈಗ ಇದು ಮಾಡುತ್ತಿದೆ.

ಮೂಲ ದರದ ಮೇಲೆ ಹಾಕಬಹುದಾದ ಸೆಂಟ್‌ಗಳಿಗೆ ಅಲ್ಲಿ ಎರಡು ಅಡ್ಡಹೆಸರಿದೆ, ಚಿನ್ನದ ಪೆನ್ನಿ ಮತ್ತು ತಾಮ್ರದ ಪೆನ್ನಿ. ಚಿನ್ನದವು ಎಂಟರವರೆಗೆ, ತಾಮ್ರದವು ಒಂಬತ್ತರವರೆಗೆ. ಒಂದು ಮಟ್ಟ ದಾಟಿದ ಮೇಲೆ ಮತದಾರರ ಒಪ್ಪಿಗೆ ಬೇಕು. 2019ರ ಕಾನೂನು ಪ್ರತಿ ಚಿನ್ನದ ಪೆನ್ನಿಗೆ ತೂಕದ ಎಣಿಕೆಯಲ್ಲಿ ತಲಾ 98.56 ಡಾಲರ್, ತಾಮ್ರದ ಪೆನ್ನಿಗೆ 49.28 ಡಾಲರ್ ಖಾತ್ರಿ ಕೊಟ್ಟಿತು. ಆ ಖಾತ್ರಿಯ ಲೆಕ್ಕದಲ್ಲಿ, ಉದಾಹರಣೆಗೆ, ತಲಾ 3 ಲಕ್ಷ ಡಾಲರ್ ಆಸ್ತಿಯ ಡಿಸ್ಟ್ರಿಕ್ಟ್ ಒಂದು ಸೆಂಟ್ ಹಾಕಿದರೆ ತಾನಾಗಿ ಹುಟ್ಟುವುದು 30 ಡಾಲರ್, ಉಳಿದ 68.56 ರಾಜ್ಯ ತುಂಬುತ್ತದೆ. ತಲಾ 20 ಲಕ್ಷದ ಡಿಸ್ಟ್ರಿಕ್ಟ್‌ನಲ್ಲಿ ಅದೇ ಸೆಂಟ್‌ಗೆ 200 ಡಾಲರ್ ಹುಟ್ಟುತ್ತದೆ. ತಾಮ್ರದ ಪೆನ್ನಿಯಾದರೆ 49.28ರ ಮೇಲಿನ 150.72 ರೀಕ್ಯಾಪ್ಚರ್‌ಗೆ ಹೋಗಬೇಕು. ಚಿನ್ನದ ಪೆನ್ನಿಯಾದರೆ ಪೂರ್ತಿ ಅವರದೇ. 1989ರಲ್ಲಿ ಕೋರ್ಟು ಹಾಕಿದ 'ಸಮ ದರಕ್ಕೆ ಸಮ ಹಣ' ಎಂಬ ಅಳತೆ ಈ ಎಂಟು ಸೆಂಟ್‌ಗಳ ಮಟ್ಟಿಗೆ ಅನ್ವಯಿಸುತ್ತಿಲ್ಲ. ಸಿರಿವಂತ ಡಿಸ್ಟ್ರಿಕ್ಟ್‌ಗಳನ್ನು ಒಪ್ಪಿಸಲು ಬಿಟ್ಟ ಸಂದು ಅದು.

ಇತ್ತ ಎಡ್ಜ್‌ವುಡ್ ತಾನೇ ಕುಗ್ಗಿದೆ. ಕೆಲ್ಲಿ ವಾಯುನೆಲೆ 2001ರಲ್ಲಿ ಮುಚ್ಚಿತು. 1998ರಿಂದ ಹತ್ತು ವರ್ಷ ಖಾಸಗಿ ದಾನಿಗಳು 5 ಕೋಟಿ ಡಾಲರ್‌ನ ವೋಚರ್ ಯೋಜನೆಯನ್ನು (ಖಾಸಗಿ ಶಾಲೆಯ ಶುಲ್ಕಕ್ಕೆ ಹಣ ಕೊಡುವ ಯೋಜನೆ) ಇದೇ ಡಿಸ್ಟ್ರಿಕ್ಟ್‌ನ ಮಕ್ಕಳಿಗಾಗಿ ನಡೆಸಿದರು. ಚಾರ್ಟರ್ ಶಾಲೆಗಳೂ, ಅಂದರೆ ಸರ್ಕಾರಿ ಹಣದಲ್ಲಿ ಡಿಸ್ಟ್ರಿಕ್ಟ್‌ನ ಹೊರಗೆ ಸ್ವತಂತ್ರವಾಗಿ ನಡೆಯುವ ಶಾಲೆಗಳೂ, ಬಂದವು. 22,000 ಇದ್ದ ಮಕ್ಕಳ ಸಂಖ್ಯೆ 10,000ಕ್ಕಿಂತ ಕೆಳಗಿಳಿದಿದೆ. ಮಕ್ಕಳು ಒಂದೇ ತರಗತಿಯಿಂದ ಗುಂಪಾಗಿ ಹೋಗುವುದಿಲ್ಲ, ಪ್ರತಿ ತರಗತಿಯಿಂದ ಇಬ್ಬರು ಮೂವರಂತೆ ಉದುರುತ್ತಾರೆ. ಹಣ ಅವರ ಜೊತೆ ಹೋಗುತ್ತದೆ, ತರಗತಿ, ಛಾವಣಿ, ಅಡುಗೆಮನೆ, ನರ್ಸ್ ಇದ್ದಲ್ಲೇ ಇರುತ್ತಾರೆ. ಇಂಥ ಡಿಸ್ಟ್ರಿಕ್ಟ್ ಕೊನೆಗೆ ದುಡ್ಡು ಉಳಿಸಬಲ್ಲದ್ದು ಕಟ್ಟಡವೊಂದನ್ನು ಪೂರ್ತಿ ಮುಚ್ಚಿದಾಗ ಮಾತ್ರ. ಕೊನೆಯ ಕೇಸು ಸೋತ 2016ರಲ್ಲೇ ಮಂಡಳಿಯ ಒಳಜಗಳದ ಕಾರಣಕ್ಕೆ ರಾಜ್ಯದ ಶಿಕ್ಷಣ ಆಯುಕ್ತರು ಚುನಾಯಿತ ಮಂಡಳಿಯನ್ನು ಬದಿಗಿಟ್ಟು ಆಡಳಿತಗಾರರನ್ನು ನೇಮಿಸಿದರು. ಸ್ಥಳೀಯ ಹಿಡಿತದ ಹೆಸರಿನಲ್ಲಿ 1973ರಲ್ಲಿ ಸೋತ ಊರು, ಆ ಹಿಡಿತವನ್ನೂ ಕೆಲಕಾಲ ಕಳೆದುಕೊಂಡಿತು.

6,160ರ ಮೂಲ ಮೊತ್ತ ಆರು ವರ್ಷ ಅಲುಗಲಿಲ್ಲ. ಆ ನಡುವೆ ಕೋವಿಡ್ ಬಂತು, ಬೆಲೆ ಏರಿತು, ಡೀಸೆಲ್‌ನಿಂದ ಹಿಡಿದು ವಿಮೆಯವರೆಗೆ ಎಲ್ಲವೂ ದುಬಾರಿಯಾಯಿತು. 2025ರ ಜೂನ್‌ನಲ್ಲಿ ಸಹಿಯಾದ 850 ಕೋಟಿ ಡಾಲರ್‌ನ ಶಾಲಾ ಕಾನೂನಿನಲ್ಲಿ ಹೆಚ್ಚಿನ ಹಣ ಶಿಕ್ಷಕರ ಸಂಬಳ ಮುಂತಾದ ಗೊತ್ತುಪಡಿಸಿದ ಬಾಬತ್ತುಗಳಿಗೇ ಕಟ್ಟಿಟ್ಟದ್ದು. ಡಿಸ್ಟ್ರಿಕ್ಟ್ ತನ್ನಿಷ್ಟದಂತೆ ಬಳಸಬಹುದಾದ ಮೂಲ ಮೊತ್ತ ಏರಿದ್ದು 55 ಡಾಲರ್, ಶೇಕಡಾ ಒಂದಕ್ಕಿಂತ ಕಡಿಮೆ. ಅದಕ್ಕೂ ಒಂದು ತಿಂಗಳು ಮುಂಚೆ, ಖಾಸಗಿ ಶಾಲೆಯ ಶುಲ್ಕಕ್ಕೆ ರಾಜ್ಯದ ಹಣ ಕೊಡುವ 100 ಕೋಟಿ ಡಾಲರ್‌ನ ಇನ್ನೊಂದು ಕಾನೂನಿಗೆ ಸಹಿ ಬಿದ್ದಿತ್ತು. ಅದು ಜಾರಿಯಾಗುವುದು 2026–27ರ ಶಾಲಾ ವರ್ಷದಿಂದ.